ಗಿರಣಿಯಲ್ಲಿ ಕಲಿತ ಪಿಸುಮಾತು

ಟಪ್ ಟಪ್ ಎಂದು ಬೆಲ್ಟು ಬಡಿದುಕೊಳ್ಳುವ ಸದ್ದು ಓಣಿಯ ತಿರುವಿನಲ್ಲೇ ಕಿವಿಗೆ ಬೀಳುತ್ತಿತ್ತು. ಅದರ ಬೆನ್ನಿಗೇ ಬೀಸುವ ಕಲ್ಲುಗಳ ಗುರುಗುರು. ಆ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳೇ ನನ್ನ ಗೆಳತಿಯ ಮನೆ. ಗಿರಣಿ ನಡೆಸುವ ಅವಳ ಅಪ್ಪನಿಗೆ ಕಿವಿ ಅರ್ಧ ಮಂದವಾಗಿತ್ತು. ಅಲ್ಲಿ ಒಂದು ಲೋಟ ನೀರು ಬೇಕೆಂದರೂ ಕೂಗಿಯೇ ಕೇಳಬೇಕು.

ಕಾಲೇಜಿನ ಮೊದಲ ದಿನ ಹಾಜರಿಗೆ ಅವಳು ಓಗೊಟ್ಟಾಗ ಪಕ್ಕದ ತರಗತಿಯವರು ಇಣುಕಿ ನೋಡಿದ್ದರು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳ ಹೆಸರು ಮೈಕು. ಕರೆದರೆ ನಗುತ್ತಲೇ ತಿರುಗುತ್ತಿದ್ದಳು. ಆದರೆ ಬರಬರುತ್ತ ತರಗತಿಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು.

ನಾಟಕ ಸಂಘಕ್ಕೆ ಅವಳನ್ನು ಎಳೆದುಕೊಂಡು ಹೋದವಳು ನಾನು. ಪಾತ್ರಗಳೆಲ್ಲ ಹಂಚಿಹೋಗಿದ್ದವು. "ಪರದೆ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಎತ್ತಿಕೊಡೋರು ಬೇಕು," ಎಂದರು ನಾಟಕದ ಮೇಷ್ಟ್ರು. "ಆದ್ರೆ ಪಿಸುಗುಡಬೇಕಮ್ಮಾ. ನಿನ್ ಕೈಲಾಗುತ್ತಾ?"

"ಕಲೀತೀನಿ ಸರ್!"

ಮೇಷ್ಟ್ರು ಕಿವಿ ಮುಚ್ಚಿಕೊಂಡರು.

ವಾರದೊಳಗೆ ಇಡೀ ನಾಟಕ ಅವಳಿಗೆ ಬಾಯಿಪಾಠ. ಅಂತರ ಕಾಲೇಜು ಸ್ಪರ್ಧೆಗೆ ಹೋಗುವ ತಂಡದಲ್ಲಿ ತನ್ನ ಹೆಸರೂ ಇರಬೇಕೆಂಬುದೊಂದೇ ಅವಳ ಆಸೆ. "ಒಂದ್ಸಲ ನಿಮ್ ಜೊತೆ ಸ್ಪರ್ಧೆಗೆ ಹೋಗೋ ಬಸ್ಸಲ್ಲಿ ಕೂತು ಬರ್ಬೇಕು ಕಣೇ," ಎನ್ನುತ್ತಿದ್ದಳು. ತಾಲೀಮಿನಲ್ಲಿ ನಮ್ಮೆಲ್ಲರ ಕೈಯಲ್ಲೂ ಪುಸ್ತಕವಿತ್ತು. ಅವಳಿಗೆ ಕೆಲಸವೇ ಬೀಳಲಿಲ್ಲ. ಸಂಜೆ ಗಿರಣಿಯಲ್ಲಿ ಅಪ್ಪನ ಜೊತೆ ನಿಲ್ಲಬೇಕಿದ್ದರಿಂದ ಪಿಸುಮಾತಿನ ಅಭ್ಯಾಸವೂ ಅಲ್ಲೇ ನಡೆಯಿತು.

ಒಂದು ದಿನ ನಾನು ಹೋದಾಗ ಗೋಧಿ ಸುರಿಯುತ್ತ ತುಟಿ ಆಡಿಸುತ್ತಿದ್ದಳು.

"ಕೇಳಿಸ್ತಾ?" ಎಂದು ಕೂಗಿ ಕೇಳಿದಳು.

"ಏನೂ ಇಲ್ಲ!"

"ನಂಗೂ ಅಷ್ಟೇ ಕಣೇ! ಬಂತು ನೋಡು ಪಿಸುಮಾತು!"

ನಾವಿಬ್ಬರೂ ಹಿಗ್ಗಿದೆವು. ಆ ಗದ್ದಲದಲ್ಲಿ ಕೂಗೂ ಪಿಸುಮಾತೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕಾಲೇಜಿನಲ್ಲಿ ಮೊದಲ ಪ್ರದರ್ಶನ. ರಂಗದ ಮೇಲೆ ಸತ್ತ ಗಂಡನ ತಲೆದೆಸೆಯಲ್ಲಿ ನಾನು ಕೂತಿದ್ದೆ. ಮಾತು ಮರೆತುಹೋಯಿತು. ಸಭಾಂಗಣ ಉಸಿರು ಹಿಡಿದಿತ್ತು. ಅಷ್ಟರಲ್ಲಿ ಪರದೆಯ ಹಿಂದಿನಿಂದ, ಕೊನೆಯ ಸಾಲಿನವರೆಗೂ:

"ಇವರಿನ್ನು ಏಳೋದಿಲ್ಲ!"

"ಮೈಕು ಆಫ್ ಮಾಡ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸತ್ತವನ ಹೊಟ್ಟೆಯೂ ಕುಲುಕುತ್ತಿತ್ತು.

ನಾಟಕ ಮುಗಿದ ಮೇಲೆ ಮೇಷ್ಟ್ರು ನನ್ನತ್ತ ಕೈ ತೋರಿಸುತ್ತ ಅವಳ ಮೇಲೆ ಹರಿಹಾಯ್ದರು. "ಸುಮ್ನಿರಬಾರದಿತ್ತಾ? ಇವಳು ಎಷ್ಟು ಚೆನ್ನಾಗಿ ಮೌನ ಹಿಡ್ಕೊಂಡು ಅಭಿನಯಿಸ್ತಿದ್ಲು! ಅದನ್ನೂ ಕೆಡಿಸಿಬಿಟ್ಟೆ."

ಅವಳು ನನ್ನತ್ತ ನೋಡಿದಳು. "ಮರೆತಿದ್ದೆ ಸರ್" ಎನ್ನಲು ಎರಡೇ ಮಾತು ಸಾಕಿತ್ತು. ನಾನು ಸೀರೆಯ ಪಿನ್ನು ಬಿಚ್ಚುತ್ತ ನಿಂತೆ.

ವಾರದ ನಂತರ ಸೂಚನಾ ಫಲಕಕ್ಕೆ ತಂಡದ ಪಟ್ಟಿ ಅಂಟಿಸಿದರು. ನನ್ನ ಹೆಸರು ಮೊದಲು. ಅವಳದು ಇರಲಿಲ್ಲ. ಸಂಜೆ ಗಿರಣಿಗೆ ಹೋದೆ. ಅವಳ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು.

"ಗೊತ್ತು ಬಿಡೇ, ನಾನೂ ನೋಡ್ದೆ," ಎಂದಳು. ಅವಳ ಮಾತು ಕೇಳಿಸಿಕೊಳ್ಳಲು ನಾನು ಮೊದಲ ಬಾರಿಗೆ ಹತ್ತಿರ ಬಾಗಬೇಕಾಯಿತು. "ಒಂದ್ ಕೇಳ್ಲಾ? ಆವತ್ತು ಮಾತು ಮರೆತಿದ್ದು ನೀನು ಅಂತ ಮೇಷ್ಟ್ರಿಗೆ..."

ಅವಳನ್ನು ಕರೆಯಲು ಒಳಗಿನಿಂದ ಅಪ್ಪ ತಗಡಿನ ಡಬ್ಬ ಬಡಿದರು. ಅವಳು ಗೋಧಿಯ ಬುಟ್ಟಿಯನ್ನು ಸೊಂಟಕ್ಕೇರಿಸಿ, ಹಿಟ್ಟಿನ ಮಬ್ಬಿನೊಳಗೆ ಹೋಗುತ್ತಲೇ, "ನೀನು ಯಾವತ್ತಾದ್ರೂ ಹೇಳ್ತೀಯಾ?" ಎಂದಳು.