ಕಾವಲಿಗೊಬ್ಬ ಕಾವಲುಗಾರ

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ನನ್ನ ಸೋದರಮಾವನ ತೆಂಗಿನ ತೋಟ ಮುಗಿದ ಮೇಲೆ, ಒಂದು ಹುಲ್ಲುಗಾವಲಿತ್ತು. ಇದೆ ಎಂದು ಬರೆಯಲು ಕೈ ಬರುವುದಿಲ್ಲ. ಊರವರ ಬಾಯಲ್ಲಿ ಅದು ಕಾವಲು, ಪಹಣಿಯಲ್ಲಿ ಖರಾಬು. ಖರಾಬು ಎಂದರೆ ಉಳುಮೆಗೆ ಬಾರದ, ಕಂದಾಯವಿಲ್ಲದ ನೆಲ, ಅಷ್ಟೇ. ಆದರೆ ಓದಿದವರ ಕಿವಿಗೆ ಅದು ಕೆಟ್ಟದ್ದು ಎಂದೇ ಕೇಳಿಸುತ್ತದೆ, ಕೆಟ್ಟದ್ದನ್ನು ಕಂಡರೆ ರಿಪೇರಿ ಮಾಡದೆ ಅವರಿಗೆ ನಿದ್ದೆ ಬರುವುದಿಲ್ಲ.

ಬೇಸಿಗೆಯಲ್ಲಿ ಅಲ್ಲಿ ಏನೂ ಇಲ್ಲ ಅನ್ನಿಸುತ್ತಿತ್ತು, ನಿಜ. ಬಂಡೆ, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಒಂದು ಹದ ಮಳೆ ಬಿದ್ದರೆ ಸಾಕು, ಗೌಜಲಹಕ್ಕಿ ಕೂಗುತ್ತಿತ್ತು, ಹುಲ್ಲಿನ ಬುಡದಲ್ಲಿ ನೆಲಗುಬ್ಬಿ ಮೊಟ್ಟೆ ಇಡುತ್ತಿತ್ತು. ಮರ ಎದ್ದರೆ ಇವು ಉಳಿಯುವುದಿಲ್ಲ. ಮೊಟ್ಟೆ ಕದಿಯುವ ಕಾಗೆಗೆ ಕೂರಲು ಕೊಂಬೆ ಸಿಗುತ್ತದೆ, ನೆರಳಿಗೆ ಹುಲ್ಲು ಸಾಯುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೂ ಇದು ಗೊತ್ತಿತ್ತು, ಅಲ್ಲಿ ಕುರಿ ಮೇಯಿಸುತ್ತಿದ್ದ ಮಾವನಿಗೂ ಗೊತ್ತಿತ್ತು.

ಜೀವವೈವಿಧ್ಯ ಉಳಿಸುವ ವಿದೇಶಿ ಸಂಸ್ಥೆಯೊಂದು ಅಲ್ಲಿ ಕಾಡು ಬೆಳೆಸುತ್ತದಂತೆ ಎಂಬ ಸುದ್ದಿ ನನಗೆ ತಲುಪುವ ಹೊತ್ತಿಗೆ ಗುಂಡಿ ತೋಡುವ ಜೇಸಿಬಿ ಬಂದು ನಿಂತಿತ್ತು. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುತ್ತಾರಲ್ಲ, ಕೋಳಿ ತಿನ್ನದ ಮನೆಯವಳಾದ ನನಗೂ ಆ ಗಾದೆ ಚೆನ್ನಾಗಿ ಅರ್ಥವಾಯಿತು. ಸಂಸ್ಥೆಯ ಹೆಂಗಸೊಬ್ಬರು ಜಾಗ ನೋಡಲು ಬರುತ್ತಾರೆ, ಇಂಗ್ಲಿಷ್ ಬಲ್ಲವರು ಜೊತೆಗೆ ಬೇಕು ಎಂದು ಸ್ಕೂಲಿಗೆ ಫೋನ್ ಬಂತು. ತಡೆಯುವುದಾದರೆ ಇದೊಂದೇ ದಾರಿ ಎಂದುಕೊಂಡು ರಜೆ ಹಾಕಿ ಹೋದೆ.

ಆಕೆ ಬೆಳಿಗ್ಗೆ ಹಳೇಬೀಡಿನ ದೇವಸ್ಥಾನ ನೋಡಿ ಬಂದಿದ್ದರು. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಕೆಂಪಾಗಿತ್ತು, ಅದಕ್ಕೂ ನಗುತ್ತಿದ್ದರು. ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಜೊತೆಗಿದ್ದ ಸರ್ಕಾರಿ ಅಧಿಕಾರಿ ಹರಕು ಇಂಗ್ಲಿಷಿನಲ್ಲಿ ಖರಾಬು, ಅಂದರೆ ಕೆಟ್ಟ ಜಾಗ ಎಂದು ವಿವರಿಸಿದ್ದನ್ನು ಕೇಳಿ, "ಇದನ್ನು ಕೆಡಿಸಿದವರು ಯಾರು?" ಎಂದು ನನ್ನನ್ನು ಕೇಳಿದರು.

"ಯಾರೂ ಕೆಡಿಸಿಲ್ಲ, ಇದು ಇರುವುದೇ ಹೀಗೆ" ಅಂದೆ. "ಹಳೇಬೀಡಿನಲ್ಲಿ ಮೂಗು ಮುರಿದ ವಿಗ್ರಹಕ್ಕೆ ಸಿಮೆಂಟಿನ ಮೂಗು ಅಂಟಿಸಿದರೆ ಒಪ್ಪುತ್ತೀರಾ? ಇಲ್ಲಿ ಮೂಗು ಮುರಿದೂ ಇಲ್ಲ."

ಆಕೆ ಬಗ್ಗಿ ಹುಲ್ಲು ಮುಟ್ಟಿ ನೋಡಿದರು. ನನಗೆ ಆಸೆ ಹುಟ್ಟಿತು. ಆಗ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ದುಡ್ಡು ಬಂದಿರೋದು ಗಿಡಕ್ಕೆ. ಹುಲ್ಲಿಗೆ ಯಾರು ಕೊಡ್ತಾರೆ? ಗಿಡ ಬೇಡ ಅಂದ್ರೆ, ಜಾಗ ಖಾಲಿ ಇದೆ ಅಂತ ಸೋಲಾರ್‌ನೋರು ಬರ್ತಾರೆ. ನೋಡ್ಕೊಳ್ಳಿ" ಅಂದರು.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಬೇರೇನೂ ತೋಚದೆ ಆಕೆಯ ಮುಂದೆ ಕೈ ಮುಗಿದೆ. "ನಾವು ಇದನ್ನು ಖರಾಬು ಅನ್ನುವುದಿಲ್ಲ, ಕಾವಲು ಅನ್ನುತ್ತೇವೆ. ಕಾವಲು ಅಂದರೆ ಕಾಯುವುದು. ನೀವೂ ಇದನ್ನು ಕಾಯಿರಿ, ನಮಗೆ ಕಾವಲು ಬೇಕು" ಎಂದು, ಕಾವಲು ಎಂಬ ಪದವನ್ನಷ್ಟೇ ಕನ್ನಡದಲ್ಲಿ ಉಳಿಸಿ, ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಆಕೆ ನನ್ನ ಕೈ ಹಿಡಿದು, ಖಂಡಿತ ಕಾಯುತ್ತೇವೆ ಅಂದರು. ಅವರ ಕಣ್ಣು ತುಂಬಿತ್ತು. ನಾನು ನಂಬಿದೆ.

ಜೇಸಿಬಿ ಕೆಲವು ದಿನ ಸುಮ್ಮನಿತ್ತು, ಆಮೇಲೆ ಶುರುವಾಯಿತು. ಫೋನ್ ಮಾಡಿದೆ, ಆಫೀಸಿನಿಂದ ಆಫೀಸಿಗೆ ಅಲೆದೆ. ಗಿಡ ನೆಡಬೇಡಿ ಅನ್ನುವ ಸೈನ್ಸ್ ಟೀಚರನ್ನು ಎಲ್ಲರೂ ಅಯ್ಯೋ ಪಾಪ ಎಂಬಂತೆ ನೋಡಿದರು.

ಮುಂಗಾರಿನಲ್ಲಿ ಹೋದಾಗ ಕಾವಲಿನ ತುಂಬ ಗುಂಡಿಗಳ ಸಾಲು, ಗುಂಡಿಗೊಂದು ಹೊಂಗೆಯೋ ಬೇವೋ, ಸುತ್ತ ತಂತಿಬೇಲಿ. ಒಳಗಿಂದ ಯಾರೋ ಸೀಟಿ ಊದಿದರು. ನೋಡಿದರೆ ಖಾಕಿ ಅಂಗಿ ತೊಟ್ಟ ಮಾವ.

"ನಿನ್ ಮಾತು ನಡೀತು ಕಣವ್ವ" ಅಂದರು. "ಟೀಚರಮ್ಮ ಕಾವಲು ಬೇಕು ಅಂದವ್ರೆ, ಒಬ್ಬ ಕಾವಲುಗಾರನ್ನ ಹಾಕಿ ಅಂತ ಆ ಫಾರಿನ್ನಮ್ಮ ಹೇಳ್ಬಿಟ್ಟು ಹೋದ್ರಂತೆ. ನನ್ನೇ ಹಾಕವ್ರೆ."

"ಕುರಿಗಳೆಲ್ಲಿ ಮಾವ?"

"ಮಾರ್ದೆ. ಕುರಿ ಒಳೀಕ್ ಬರ್ದಂಗೆ ನೋಡ್ಕಳಾದೇ ನನ್ ಕೆಲ್ಸ."

ಮಳೆ ಬಿದ್ದು ನೆಲ ಹಸಿಯಾಗಿತ್ತು, ಒಂದು ಗೌಜಲಹಕ್ಕಿಯೂ ಕೂಗಲಿಲ್ಲ. ಒಂದು ಗೂಡಾದರೂ ಉಳಿದಿದೆಯೇ ನೋಡೋಣವೆಂದು ತಂತಿ ಎತ್ತಿ ಕಾಲಿಟ್ಟೆ.

ಮಾವ ನನ್ನ ಮುಖ ನೋಡಲಿಲ್ಲ. "ಬರ್ಬ್ಯಾಡ ಕಣವ್ವ" ಅಂದರು. "ಯಾರ್ನೂ ಬಿಡಂಗಿಲ್ಲ ಅಂದವ್ರೆ."