ಸಹಿ ಹಾಕದವಳು ನಾನು

ಮಂಜುಳಾ, ನಿನ್ನ ಅಪ್ಪ ನಿನ್ನನ್ನು ಬೇಡ ಎನ್ನಲಿಲ್ಲ. ಅದು ನಾನು ಹೇಳಿದ ಸುಳ್ಳು. ಹದಿನೇಳು ವರ್ಷ ಅದನ್ನೇ ಹೇಳಿ ನಿನ್ನನ್ನು ಬೆಳೆಸಿದೆ.

ಕೊಟ್ರೇಶ ನಮ್ಮ ಮಾಗಳದವನೇ, ನಮ್ಮ ಕೇರಿಯ ನೀರು ಮುಟ್ಟದ ದೊಡ್ಡ ಮನೆಯ ಹುಡುಗ. ಮಿಲಿಟರಿ ಸೇರಿ ಎರಡು ವರ್ಷವಾಗಿತ್ತು. ರಜೆಗೆ ಬಂದಾಗಲೆಲ್ಲ ಹೊಳೆಯ ದಂಡೆಯಲ್ಲಿ ಸಿಗುತ್ತಿದ್ದ. ಮದುವೆಯಾಗುತ್ತೇನೆ ಎಂದಿದ್ದ, ನಾನು ನಂಬಿದೆ — ನಂಬಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ನೀನು ಹುಟ್ಟಿದಾಗ ಅವನು ಗಡಿಯಲ್ಲಿದ್ದ. ಅವನ ಮನೆಯವರು ಇತ್ತ ತಲೆಯೂ ಹಾಕಲಿಲ್ಲ.

ನಿನಗೆ ಐದು ತಿಂಗಳಾದಾಗ ಬಂದ. ನೇರವಾಗಿ ನಮ್ಮ ಮನೆಗೇ ಬಂದು ನಿನ್ನನ್ನು ಎತ್ತಿಕೊಂಡ. ತನ್ನ ಸರ್ವಿಸ್ ದಾಖಲೆಗೆ ನಿನ್ನ ಹೆಸರು ಸೇರಬೇಕಾದರೆ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿರಬೇಕು ಎಂದ. ನಮಗೆ ಮದುವೆಯಾಗಿರಲಿಲ್ಲವಲ್ಲ, ಅದಕ್ಕೆ ಇಬ್ಬರೂ ಕೂಡಿ ಸಹಿ ಹಾಕಬೇಕಿತ್ತು. ಹೊಸ ಸೀರೆ ಉಟ್ಟು, ನಿನ್ನನ್ನು ಎತ್ತಿಕೊಂಡು ಹಡಗಲಿಯ ಬಸ್ಸು ಹತ್ತಿದೆ. ಸಹಿಯಾದ ಮೇಲೆ ಮದುವೆ — ನನ್ನ ತಲೆಯಲ್ಲಿ ಅದೇ.

ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಅವನು ಬಾಯಿಬಿಟ್ಟ. "ಮದುವಿ ಮಾತು ಬ್ಯಾಡ. ಅವ್ವ ವಿಷ ಕುಡಿತೀನಿ ಅಂತ ಕುಂತಾಳ. ಕೂಸಿಗೆ ನನ್ನ ಹೆಸರಿರ್ಲಿ. ನಿನ್ನ ವಿಚಾರ ಆಮ್ಯಾಲೆ ನೋಡಾಣ."

ಆಮೇಲೆ! ನನ್ನ ಮೈಯೆಲ್ಲ ಉರಿಯಿತು.

ಒಳಗೆ ಗುಮಾಸ್ತರು ಅರ್ಜಿ ನನ್ನ ಮುಂದೆ ಸರಿಸಿದರು. "ಇವ್ರೇನಮ್ಮ ಕೂಸಿನ ತಂದಿ?"

"ಅಲ್ರಿ," ಎಂದೆ. "ಈತ ಯಾರೋ ನನಗ ಗೊತ್ತಿಲ್ಲ."

"ಲೇ, ಏನ್ ಹೇಳಾಕತ್ತಿ ನೀನು?" ಎಂದ ಕೊಟ್ರೇಶ. ನಾನು ನಿನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದೆ. ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದ. ನಾನು ತಿರುಗಿ ನೋಡಲಿಲ್ಲ.

ಮುಂದೆ ಮೂರು ಸಲ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದ. ಮೂರು ಸಲವೂ ಸಹಿಯಿಲ್ಲದೆ ವಾಪಸ್ಸು ಕಳಿಸಿದೆ. ಅವನು ಯಾರನ್ನೂ ಮದುವೆಯಾಗಲಿಲ್ಲವೆಂದು ಕೇಳಿದೆ. ಆಗಲೂ ಕರಗಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿನ್ನನ್ನು ಓದಿಸಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ದಿನ, ಎಲ್ಲರೆದುರು ಅಪ್ಪನ ಹೆಸರು ಕೇಳಿದರೆಂದು ನೀನು ಅತ್ತುಕೊಂಡು ಬಂದೆಯಲ್ಲ — "ನಾನಂದ್ರ ಅವ್ನಿಗೆ ಯಾಕವ್ವಾ ಅಷ್ಟು ಬ್ಯಾಸರ?" ಎಂದೆಯಲ್ಲ — ನಿಜದ ಒಂದು ಮಾತು ಸಾಕಿತ್ತು. ನಾನು ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತ ಕುಳಿತೆ.

ಹೋದ ತಿಂಗಳು ಕೋರ್ಟಿನಿಂದ ನೋಟಿಸು ಬಂತು. ನಿವೃತ್ತಿಗೆ ಮುಂಚೆ ತನ್ನನ್ನು ನಿನ್ನ ತಂದೆಯೆಂದು ಘೋಷಿಸಬೇಕೆಂದು ಕೊಟ್ರೇಶ ದಾವೆ ಹೂಡಿದ್ದ. ನಿನ್ನ ಆ ಪ್ರಶ್ನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನಿನ್ನೆ ಕಟಕಟೆಯಲ್ಲಿ ನಿಂತೆ.

"ಇವರ ಮಗಳ ರೀ ಆಕಿ. ಅವತ್ತು ನಾನು ಸುಳ್ಳು ಹೇಳಿದ್ದೆ."

ಯಾಕೆ ಎಂದು ನ್ಯಾಯಾಧೀಶರು ಕೇಳಿದರು.

"ಕೂಸು ಬೇಕು, ಹಡದಾಕಿ ಬ್ಯಾಡ ಅಂದ್ರು. ಅದಕ್ಕ."

ಅವನು ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. ಹೇಳಿಕೆಗೆ ಸಹಿ ಹಾಕಿ ಇಳಿದೆ.

ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಕೂದಲು ಬೆಳ್ಳಗಾಗಿದೆ. "ನಂದೂ ತಪ್ಪೈತಿ," ಎಂದ. "ಐತಿ," ಎಂದೆ. ನಿನ್ನ ಹಾಸ್ಟೆಲ್ಲಿನ ವಿಳಾಸ ಕೇಳಿದ. ಬರೆದುಕೊಟ್ಟೆ.

ಅವನು ಬಂದರೆ ಮಾತಾಡು, ಬೇಡವಾದರೆ ಬಿಡು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಅವನಿಗೆ ಬೆನ್ನು ತಿರುಗಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದೇ ಮೆಟ್ಟಿಲ ಮೇಲೆ ಅದೇ ಮಾತು ಆಡಿದರೆ ಮತ್ತೆ ತಿರುಗಿಸುತ್ತೇನೆ. ಆದರೆ ಅಪ್ಪನಿಗೆ ನೀನು ಬೇಡವಾಗಿದ್ದೆ ಎಂದು ನಿನಗೆ ಹೇಳಿದ್ದು... ಅದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಭಾನುವಾರ ಹರಪನಹಳ್ಳಿಗೆ ಬರುತ್ತೇನೆ. ನೀನು ಎಷ್ಟು ಬೈದರೂ ಕೇಳುತ್ತೇನೆ. ಹೊರಗೆ ಬರಲು ಮನಸ್ಸಾಗದಿದ್ದರೆ ಹಾಸ್ಟೆಲ್ಲಿನ ಗೇಟಿನ ಹತ್ತಿರ ಕೊನೆಯ ಬಸ್ಸಿನವರೆಗೂ ಕೂತಿರುತ್ತೇನೆ. ಅದರ ಮುಂದಿನ ಭಾನುವಾರವೂ ಬರುತ್ತೇನೆ.