ಗೋದಲಿಯ ಹುಲ್ಲಿನಲ್ಲಿ ಬಿದ್ದ ತಗ್ಗು

ದೆವ್ವ ಕಂಡೆ, ದೇವರು ಕನಸಲ್ಲಿ ಬಂದು ಹೇಳಿದ ಅನ್ನುವವರನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಕೊಕ್ಕನೂರಿನಲ್ಲಿ ಒಬ್ಬಳ ಮೈಮೇಲೆ ದೇವರು ಬಂದಾಗ ಎಲ್ಲರೂ ಕೈ ಮುಗಿದು ನಿಂತಿದ್ದರು. ನಾನು ಒಂದು ಕೊಡ ತಣ್ಣೀರು ಸುರಿದೆ. ದೇವರು ಹೋಯಿತು, ನೆಗಡಿ ಉಳಿಯಿತು. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ನನ್ನ ಮಗ ಗುತ್ತೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾದದ್ದು ಹರಿಹರದ ಕ್ರಿಶ್ಚಿಯನ್ನರ ಹುಡುಗಿ ಲೀನಾಳನ್ನು. ದಾವಣಗೆರೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಲೀನಾಳ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಎರಡನೆಯ ಸಲ ಬಸಿರಾದಾಗ ನೋಡಿಕೊಳ್ಳಲು ನಾನು ಊರಿಂದ ಬಂದೆ.

ಡಿಸೆಂಬರ್ ತಿಂಗಳು. ಇದು ಆಗಮನ ಕಾಲ, ಯೇಸುವಿನ ಹುಟ್ಟಿಗೆ ಕಾಯುವ ಕಾಲ ಎಂದು ಲೀನಾ ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಿದ್ದಳು. ಮಗ ಹಳೇ ಹಲಗೆ ಬಡಿದು ಮೊಳದುದ್ದದ ಗೋದಲಿ, ದನಕ್ಕೆ ಮೇವು ಹಾಕುವಂಥ ತೊಟ್ಟಿ, ಮಾಡಿಕೊಟ್ಟಿದ್ದ. ಅದನ್ನು ಅವಳು ಮೂಲೆಯಲ್ಲಿ ಬರಿದೇ ಇಟ್ಟಿದ್ದಳು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು ನಾನು, ಖಾಲಿ ಗೋದಲಿ ಕಂಡರೆ ಸುಮ್ಮನಿರಲಾಗುವುದಿಲ್ಲ. ಬೀದಿಯ ಕೊನೆಯಲ್ಲಿ ಎಮ್ಮೆ ಕಟ್ಟಿದವರ ಮನೆಯಿಂದ ಭತ್ತದ ಹುಲ್ಲು ತಂದು ತುಂಬಿಬಿಟ್ಟೆ.

ಲೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅತ್ತೆ, ಅದು ದನಕ್ಕಲ್ರಿ, ಕೂಸಿಗೆ. ಹಬ್ಬದ ಹಿಂದಿನ ರಾತ್ರಿ ಅದರಾಗ ಯೇಸು ಕೂಸಿನ ಬೊಂಬೆ ಇಡ್ತೀವಿ."

"ಗ್ವಾದ್ಲ್ಯಾಗ ಯಾರಾದ್ರೂ ಕೂಸು ಮಲಗಸ್ತಾರೇನೇ? ಬಾಣಂತಿಗೆ ಒಂದು ತೊಟ್ಲ ಕೊಡೋರು ಯಾರೂ ಇರಲಿಲ್ಲೇನು?"

"ಇರಲಿಲ್ರಿ, ಅದೇ ಕತಿ."

ಹುಲ್ಲನ್ನು ಅವಳು ತೆಗೆಯಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಡಾಕ್ಟರಮ್ಮ ಮುಖ ಸಣ್ಣದು ಮಾಡಿದರು. ಕೂಸಿನ ಎದೆಬಡಿತ ಇದೆ, ಆದರೆ ಅಲುಗಾಟ ಕಡಿಮೆ. ಸಂಜೆ ಬನ್ನಿ, ಹೀಗೇ ಇದ್ದರೆ ಕೊಯ್ದು ತೆಗೆಯಬೇಕಾಗುತ್ತದೆ ಅಂದರು. ದಿನ ತುಂಬಿರಲಿಲ್ಲ. ತೆಗೆದರೆ ಬದುಕುತ್ತದೆಯೇ ಎಂದು ಕೇಳಿದೆ. ಅವರು ಚೀಟಿಯ ಮೇಲೆ ಸಂಜೆಯ ಸಮಯ ಬರೆದುಕೊಟ್ಟರು.

ಮಧ್ಯಾಹ್ನ ಮಗ ದುಡ್ಡು, ರಕ್ತ ಅಂತ ಓಡಾಡಲು ಹೋದ. ಲೀನಾ ಎಡಮಗ್ಗುಲಾಗಿ ಮಲಗಿದಳು. ಯಾವ ದೇವರಿಗೆ ಹರಕೆ ಹೊರಲಿ ಅಂದೆ.

"ಏನೂ ಬೇಡಬ್ಯಾಡ್ರಿ ಅತ್ತೆ. ಸುಮ್ನ ಕೂಡ್ರಿ. ಕಾಯೋದೇ ಈಗಿನ ಪ್ರಾರ್ಥನೆ," ಅಂದು ಕಣ್ಣು ಮುಚ್ಚಿದಳು.

ಕಾಯುವುದು ನನಗೆ ಗೊತ್ತು. ಈಯುವ ಆಕಳ ಪಕ್ಕ ಎಷ್ಟೋ ಸಲ ಕೂತಿದ್ದೇನೆ. ಅಲ್ಲೂ ಮಾತಿಗೆ ಕೆಲಸವಿಲ್ಲ. ಗೋಡೆಗೆ ಒರಗಿ ಹಾಗೇ ಕೂತೆ.

ಆಗ ದನ ಮೇಯುವ ಸದ್ದು ಕೇಳಿತು. ಹುಲ್ಲು ಎಳೆಯುವುದು, ಕರಕರ ಅಗಿಯುವುದು, ನಡುವೆ ಬುಸ್ಸೆಂದು ಉಸಿರು ಬಿಡುವುದು. ಹುಟ್ಟಿದಾಗಿಂದ ದನದ ಪಕ್ಕ ಮಲಗಿದವಳು ನಾನು, ಆ ಸದ್ದು ತಪ್ಪುವುದಿಲ್ಲ. ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಮಹಡಿ ಮೇಲೆ ಎಮ್ಮೆ ಹತ್ತಿಸಿದವರು ಯಾರು ಎಂದು ತಿರುಗಿ ನೋಡಿದೆ. ಏನೂ ಇರಲಿಲ್ಲ. ಸದ್ದೂ ನಿಂತಿತು.

ಎದ್ದು ಹೋಗಿ ಗೋದಲಿಯಲ್ಲಿ ಕೈ ಇಟ್ಟೆ. ದನ ಮೇಯ್ದಿದ್ದರೆ ಹುಲ್ಲು ಕಡಿಮೆಯಾಗಬೇಕು. ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಆದರೆ ನಡುವೆ ತಗ್ಗು ಬಿದ್ದಿತ್ತು, ಎಳೆಗರು ಮಲಗಿ ಎದ್ದುಹೋದ ಜಾಗದ ಹಾಗೆ. ಬೆಚ್ಚಗಿತ್ತು. ಕೇಳಿದ್ದು ತಿನ್ನುವ ಸದ್ದು, ಕಂಡದ್ದು ಮಲಗಿದ ಗುರುತು. ಒಂದಕ್ಕೊಂದು ಹೊಂದಲಿಲ್ಲ, ಇವತ್ತಿಗೂ ಹೊಂದುವುದಿಲ್ಲ.

"ಅತ್ತೆ, ಬರ್ರಿ ಇಲ್ಲಿ! ಒದೀತು!" ಲೀನಾ ಕೂಗಿದಳು.

ಅದೇ ಕೈಯನ್ನು ಅವಳ ಹೊಟ್ಟೆಯ ಮೇಲಿಟ್ಟೆ. ಒದೆಯಿತು. ಮತ್ತೂ ಒದೆಯಿತು. ಸಂಜೆ ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ಈಗ ಕೊಯ್ಯುವುದು ಬೇಡ, ಕಾಯೋಣ ಅಂದರು.

ನಡೆದದ್ದನ್ನು ಹೇಳಿದರೆ ಲೀನಾಳೇ ನಂಬಲಿಲ್ಲ. ಬಿಸಿಲು ಬಿದ್ದು ಬೆಚ್ಚಗಾಗಿರಬೇಕು ಅಂದಳು. ಆ ಕೋಣೆಗಿರುವುದು ಬಡಗಣ ಕಿಟಕಿ, ಬಿಸಿಲೇ ಬರುವುದಿಲ್ಲ. ಮಗ "ನಿದ್ದಿಗಣ್ಣಾಗ ಇದ್ದಿ ಬಿಡವ್ವ" ಅಂದ. ಇರಬಹುದು, ಆದರೆ ಕೈಗೆ ನಿದ್ದೆಗಣ್ಣು ಇರುತ್ತದೆಯೇ? ಆ ರಾತ್ರಿ ಲೀನಾ ಬೊಂಬೆಯನ್ನು ತಂದು ಮಲಗಿಸಿದಳು. ತಗ್ಗು ಬೊಂಬೆಗಿಂತ ದೊಡ್ಡದಾಗಿತ್ತು. ಅದನ್ನು ನಾನೊಬ್ಬಳೇ ಗಮನಿಸಿದೆ.

ಮುಂದೆ ಹರಿಹರದ ಚರ್ಚಿಗೆ ಹೋದಾಗ ಅಲ್ಲಿನ ಪಾದ್ರಿಗಳನ್ನೂ ಕೇಳಿದೆ. "ನಾನು ಆಗ ಅಲ್ಲಿರಲಿಲ್ಲವಲ್ಲಮ್ಮ" ಅಂದರು. ಸಿಕ್ಕ ಉತ್ತರಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಕೂಸು ದಿನ ತುಂಬಿಯೇ ಹುಟ್ಟಿತು. ಹೆಣ್ಣು. ಈಗ ಶಾಲೆಗೆ ಹೋಗುತ್ತಾಳೆ, ಬಾಯಿ ನನ್ನದೇ. ಪ್ರತಿ ಡಿಸೆಂಬರಿನಲ್ಲಿ ನಾನು ಹುಲ್ಲು ತರುತ್ತೇನೆ, ಗೋಡೆಗೆ ಒರಗಿ ಸುಮ್ಮನೆ ಕೂರುತ್ತೇನೆ. ಆ ಸದ್ದು ಮತ್ತೆ ಕೇಳಿಲ್ಲ. ಹೋದ ವರ್ಷ ಗೋದಲಿಗೆ ಹುಲ್ಲು ತುಂಬುವಾಗ ಅವಳು ಕೇಳಿದಳು, "ಅಜ್ಜಿ, ಇದು ದನಕ್ಕೋ, ಕೂಸಿಗೋ?"

"ನಂಗೇನ್ ಗೊತ್ತೇ? ನೀ ಸುಮ್ನ ಹುಲ್ಲು ಹಾಕು," ಅಂದೆ.